ಲಾಭ, ಎರಡು, ಮೂರು

ನನ್ನ ಗಂಡನಿಗೆ ಬುದ್ಧಿ ಸರಿಯಿಲ್ಲ ಎಂದು ಬರೆದುಕೊಟ್ಟ ಡಾಕ್ಟರಮ್ಮನಿಗೆ ನನ್ನ ಮಗಳಿಗಿಂತ ಹತ್ತು ವರ್ಷ ಚಿಕ್ಕ ವಯಸ್ಸು. ನೇರವಾಗಿ ಹಾಗೆ ಬರೆಯಲಿಲ್ಲ, ಅಷ್ಟು ಧೈರ್ಯ ಇವರಿಗೆಲ್ಲಿ ಬರಬೇಕು? ‘ಎಣಿಕೆಯಲ್ಲಿ ಗೊಂದಲ ಕಂಡುಬಂದಿದೆ, ತಜ್ಞರು ನೋಡುವವರೆಗೆ ವಾಹನ ಓಡಿಸುವಂತಿಲ್ಲ’ ಎಂದು ನಯವಾಗಿ ಬರೆದಳು. ಎಣಿಕೆಯಲ್ಲಿ ಗೊಂದಲವಂತೆ. ಮೂವತ್ತನಾಲ್ಕು ವರ್ಷ ಈ ಪರದೇಶದಲ್ಲಿ ದಿನಸಿ ಅಂಗಡಿ ನಡೆಸಿ, ಒಂದು ಹಿಡಿ ಬೇಳೆ ಅತ್ತಿತ್ತ ಆಗದಂತೆ ಅಳೆದುಕೊಟ್ಟ ಮನುಷ್ಯನಿಗೆ ಎಣಿಕೆ ಬರುವುದಿಲ್ಲವಂತೆ.

ಅಂಗಡಿಗೆ ಬರುತ್ತಿದ್ದವರೆಲ್ಲ ನಮ್ಮ ಯಜಮಾನರನ್ನು ಸೇರಣ್ಣ ಎಂದೇ ಕರೆಯುತ್ತಿದ್ದರು. ದೊಡ್ಡ ಮೂಟೆಗಳನ್ನು ಬಿಚ್ಚಿ ಸಣ್ಣ ಪೊಟ್ಟಣ ಕಟ್ಟುವಾಗ ತಕ್ಕಡಿಗಿಂತ ಅವರಿಗೆ ಅವರಪ್ಪನ ಹಿತ್ತಾಳೆ ಪಾವಿನ ಮೇಲೇ ನಂಬಿಕೆ. ಪಾವು ತುಂಬಿ, ಅಂಗೈಯಿಂದ ತಲೆ ಸವರಿ, ಪೊಟ್ಟಣಕ್ಕೆ ಸುರಿಯುತ್ತಿದ್ದರು. ಆಮೇಲೆ ತಕ್ಕಡಿಗೆ ಇಟ್ಟರೆ ಮುಳ್ಳು ನಿಲ್ಲಬೇಕಾದಲ್ಲೇ ನಿಲ್ಲುತ್ತಿತ್ತು. ಅಂಗಡಿ ಮುಚ್ಚಿ ಏಳು ವರ್ಷವಾಯಿತು. ಆ ಪಾವು ಈಗ ನಮ್ಮ ಅಕ್ಕಿ ಡಬ್ಬದಲ್ಲಿದೆ. ದಿನವೂ ಅಕ್ಕಿ ಅಳೆಯುವುದು ಅವರದೇ ಕೆಲಸ. ಇಬ್ಬರಿಗೆ ಒಂದು ಪಾವು ಸಾಕು. ‘ಲಾಭ’ ಎಂದು ಪಾತ್ರೆಗೆ ಸುರಿಯುತ್ತಾರೆ, ಅಲ್ಲಿಗೆ ಲೆಕ್ಕ ಮುಗಿಯಿತು.

ವಯಸ್ಸಾದ ಮೇಲೆ ಊರಿಗೆ ಯಾಕೆ ಹೋಗಲಿಲ್ಲ ಎಂದು ಕೇಳುವವರಿಗೇನೂ ಕಡಿಮೆಯಿಲ್ಲ. ಕೇಳಿದವರಿಗೆಲ್ಲ ನಾನು ತೋಳು ತೋರಿಸುತ್ತೇನೆ. ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಈ ತೋಳನ್ನು ಒಪ್ಪಿಸಿ ಕೂರಬೇಕು. ಯಂತ್ರ ಇಲ್ಲಿದೆ, ನನ್ನ ಫೈಲು ಇಲ್ಲಿದೆ, ನನ್ನ ನರ ಹುಡುಕಲು ಗೊತ್ತಿರುವ ನರ್ಸು ಇಲ್ಲಿದ್ದಾಳೆ. ಹಾಗಾಗಿ ನಾವೂ ಇಲ್ಲೇ ಇದ್ದೇವೆ.

ಯಂತ್ರದಿಂದ ಬಿಡಿಸಿಕೊಂಡು ಎದ್ದಾಗ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಚಳಿ ಹತ್ತುತ್ತದೆ. ಆ ಹೊತ್ತಿಗೆ ನಮ್ಮ ಯಜಮಾನರು ಕಾರನ್ನು ಬಾಗಿಲಿಗೇ ತಂದು, ಒಳಗೆ ಬೆಚ್ಚಗೆ ಮಾಡಿ, ಪಕ್ಕದ ಸೀಟನ್ನು ಹಿಂದಕ್ಕೆ ಒರಗಿಸಿ, ಕಂಬಳಿ ಬಿಚ್ಚಿ ಕಾಯುತ್ತಿದ್ದರು. ಮಾತಾಡಿಸಿದರೆ ನನಗೆ ವಾಂತಿ ಬರುತ್ತದೆಂದು ಅವರಿಗೆ ಗೊತ್ತು. ಮೂರನೆಯ ಸಿಗ್ನಲ್ ದಾಟುವ ತನಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ದಾಟಿದ ಮೇಲೆ ‘ಹೂಂ?’ ಎನ್ನುತ್ತಿದ್ದರು. ನಾನೂ ‘ಹೂಂ’ ಎಂದರೆ ಆ ದಿನ ಪಾರಾದೆವು ಎಂದು ಅರ್ಥ. ಆಸ್ಪತ್ರೆಯಿಂದ ಮನೆಗೆ ಹದಿನೈದು ನಿಮಿಷದ ದಾರಿ.

ಎಪ್ಪತ್ತೈದು ತುಂಬಿದವರು ಲೈಸೆನ್ಸ್ ಹೊಸದು ಮಾಡಿಸಲು ಡಾಕ್ಟರ ಪತ್ರ ತರಬೇಕು ಎಂದು ಕಾಗದ ಬಂತು. ತೊಂದರೆಯೇನಿಲ್ಲ ಎಂದುಕೊಂಡು ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಕ್ಲಿನಿಕ್ಕಿಗೆ ಹೋದರು. ಜೊತೆಯಲ್ಲಿ ನಾನೂ ಹೋದೆ. ಅಲ್ಲಿ ಹೊಸ ನಿಯಮ ಕಾದಿತ್ತು. ಹೊರದೇಶದಿಂದ ಬಂದ ಹಿರಿಯರಿಗೆ ನೆನಪಿನ ಪರೀಕ್ಷೆಯನ್ನು ಅವರವರ ತಾಯ್ನುಡಿಯಲ್ಲೇ ಮಾಡಬೇಕಂತೆ. ಮೂವತ್ತನಾಲ್ಕು ವರ್ಷ ಇಲ್ಲಿಯ ಭಾಷೆಯಲ್ಲೇ ವ್ಯಾಪಾರ ಮಾಡಿದ್ದೇನೆ, ಹಾಗೇ ಕೇಳಿ ಎಂದು ಇವರು ಹೇಳಿದರು. ನಿಮ್ಮ ಒಳ್ಳೆಯದಕ್ಕೇ ಈ ನಿಯಮ ಎಂದು ಡಾಕ್ಟರಮ್ಮ ನಕ್ಕಳು. ನಮ್ಮ ಒಳ್ಳೆಯದಕ್ಕೆ ಎಂದು ಯಾರಾದರೂ ಬಾಯಿ ತೆರೆದರೆ ನಾನು ಚೀಲ ಭದ್ರವಾಗಿ ಹಿಡಿದುಕೊಳ್ಳುತ್ತೇನೆ.

ಮೇಜಿನ ಮೇಲೆ ಫೋನು ಇಟ್ಟರು. ಅದರೊಳಗಿಂದ ಎಲ್ಲೋ ಕೂತಿದ್ದ ಒಬ್ಬ ಹುಡುಗಿ ಕನ್ನಡದಲ್ಲಿ ಮಾತಾಡಿದಳು. ಡಾಕ್ಟರಮ್ಮ ಕೇಳಿದ್ದನ್ನು ಇವರಿಗೆ ಹೇಳುವುದು, ಇವರು ಹೇಳಿದ್ದನ್ನು ಡಾಕ್ಟರಮ್ಮನಿಗೆ ಹೇಳುವುದು ಅವಳ ಕೆಲಸ. ಹೆಂಡತಿ ಉತ್ತರ ಹೇಳಿಕೊಡಬಾರದೆಂದು ನನ್ನನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

ತಾರೀಖು ಕೇಳಿದರು, ಇವರು ಹೇಳಿದರು. ಗಡಿಯಾರದ ಚಿತ್ರ ಬರೆಯಿರಿ ಎಂದರು, ಸೆಕೆಂಡಿನ ಮುಳ್ಳನ್ನೂ ಸೇರಿಸಿ ಬರೆದರು. ಒಂದು ನಿಮಿಷದಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನು ಎಷ್ಟು ಹೇಳಬಲ್ಲಿರಿ ಎಂದಾಗಂತೂ ಇವರಿಗೆ ಹಬ್ಬ. ತೊಗರಿಬೇಳೆ, ಕಡಲೆಬೇಳೆ, ಉದ್ದು, ಹೆಸರು, ಜೀರಿಗೆ, ಮೆಂತ್ಯ ಎಂದು ಶುರುವಿಟ್ಟರೆ ಫೋನಿನೊಳಗಿನ ಹುಡುಗಿಗೆ ಉಸಿರು ಕಟ್ಟಿತು. ನನಗೆ ಒಳಗೊಳಗೇ ಹೆಮ್ಮೆ.

ಆಮೇಲೆ ಡಾಕ್ಟರಮ್ಮ ಒಂದು ತಟ್ಟೆಯಲ್ಲಿ ಮರದ ಮಣಿಗಳನ್ನೂ ಒಂದು ಲೋಟವನ್ನೂ ಮುಂದಿಟ್ಟಳು. ಒಂದೊಂದಾಗಿ ಲೋಟಕ್ಕೆ ಹಾಕುತ್ತ ಗಟ್ಟಿಯಾಗಿ ಎಣಿಸಬೇಕು. ಇವರು ಮಣಿ ಎತ್ತಿ ಲೋಟಕ್ಕೆ ಹಾಕಿ, “ಲಾಭ” ಎಂದರು. “ಎರಡು, ಮೂರು, ನಾಲ್ಕು” ಎಂದು ಮುಂದುವರಿಸಿದರು.

ಫೋನಿನ ಹುಡುಗಿ ಇಲ್ಲಿಯ ಭಾಷೆಯಲ್ಲಿ, ಅವರು ಮೊದಲು ವ್ಯಾಪಾರದಲ್ಲಿ ಬರುವ ಲಾಭದ ಮಾತಾಡಿದರು, ಆಮೇಲೆ ಎರಡರಿಂದ ಎಣಿಸಿದರು ಎಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಕನ್ನಡದ ಹುಡುಗಿ, ಕನ್ನಡ ಮಾತಾಡಿ ಸಂಬಳ ಎಣಿಸುವವಳು, ಇಷ್ಟು ಗೊತ್ತಿಲ್ಲವೇ? ಕಾಳು ಅಳೆಯುವವರು ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ. ಲಾಭ, ಎರಡು, ಮೂರು ಎಂದೇ ಎಣಿಸುತ್ತಾರೆ. ಇವರಪ್ಪ ಮಂಡಿಯಲ್ಲಿ ಹಾಗೇ ಎಣಿಸಿದರು, ಅವರಪ್ಪನೂ ಹಾಗೇ. ಕೈ ಪಾತ್ರೆಗೆ ಏನನ್ನಾದರೂ ಹಾಕಿದರೆ ಇವರ ಬಾಯಿ ಲಾಭ ಎಂದೇ ತೆರೆಯುವುದು. ನಾನು ಹೇಳಲು ಎದ್ದೆ. ಡಾಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಕೂರಿಸಿದಳು, ಒಂದನೇ ಕ್ಲಾಸಿನ ಮಗುವನ್ನು ಕೂರಿಸಿದ ಹಾಗೆ.

ಇನ್ನೊಮ್ಮೆ ಎಣಿಸಿ ಎಂದರು. ಇವರು ಇನ್ನೊಮ್ಮೆ ಲಾಭ ಎಂದರು. ಮೊದಲನೆಯ ಮಣಿ ಎಷ್ಟು ಎಂದು ಬಿಡಿಸಿ ಕೇಳಿದರು. ನಾನು ಹಿಂದೆ ಕೂತು ಕೆಮ್ಮಿದೆ. ಕೆಮ್ಮು ಕೇಳಿಸಿದರೂ ಇವರಿಗೆ ಹಠ ಬಂದುಬಿಟ್ಟಿತ್ತು.

“ನೋಡಮ್ಮಾ, ಅಳೆಯೋವಾಗ ಒಂದು ಅನ್ನಬಾರದು. ಮೊದಲನೇದು ಯಾವತ್ತೂ ಲಾಭವೇ,” ಎಂದು ಫೋನಿಗೆ ತಿಳಿಹೇಳಿದರು.

ಒಂದು ಎನ್ನಬಾರದಂತೆ, ಮೊದಲನೆಯದು ಯಾವಾಗಲೂ ಲಾಭವಂತೆ ಎಂದು ಹುಡುಗಿ ಇದ್ದದ್ದು ಇದ್ದ ಹಾಗೇ ಒಪ್ಪಿಸಿದಳು. ಡಾಕ್ಟರಮ್ಮ ನನ್ನ ಕಡೆ ತಿರುಗಿ, ಇವರು ಮನೆಯಲ್ಲೂ ಹೀಗೆ ದುಡ್ಡಿನ ಯೋಚನೆಯಲ್ಲೇ ಇರುತ್ತಾರೆಯೇ ಎಂದು ಮರುಕದಿಂದ ಕೇಳಿದಳು. ಆಗ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ತಲೆಯಾಡಿಸಿ ಕೇಳಿಸಿಕೊಂಡು, ಮನೆಯವರ ಮಾತನ್ನು ಅಂಕಕ್ಕೆ ಸೇರಿಸಲು ಬರುವುದಿಲ್ಲ ಎಂದಳು. ಈ ಕ್ಷಣದಿಂದಲೇ ಕಾರು ಮುಟ್ಟಬಾರದು ಎಂದೂ ಹೇಳಿದಳು.

ಕ್ಲಿನಿಕ್ಕಿನ ಹೊರಗೆ ನಮ್ಮ ಕಾರು ನಿಂತಿತ್ತು. ಇವರು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ನನಗೆ ಸೈಕಲ್ ಹೊಡೆಯಲೂ ಬಾರದು. ಬಸ್ಸಿನಲ್ಲಿ ಮನೆಗೆ ಬಂದೆವು.

ಮನೆಗೆ ಬಂದದ್ದೇ ಅವರ ಮೇಲೆ ಹರಿಹಾಯ್ದೆ. “ಒಂದು ಅನ್ನೋಕೆ ನಿಮ್ಮ ಗಂಟೇನು ಹೋಗ್ತಿತ್ತು ರೀ?” ಎಂದೆ. ಅವರು ಚಪ್ಪಲಿ ಬಿಡುತ್ತ, ಕೈ ಹೋದ ಹಾಗೆ ಬಾಯಿ ಹೋಯಿತು ಎಂದರು. ಅದು ನಿಜವೆಂದು ನನಗೂ ಗೊತ್ತಿತ್ತು. ನಿಜವೆಂದು ಗೊತ್ತಿದ್ದುದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಮಗಳು ನಾಲ್ಕು ಗಂಟೆ ದೂರದ ಊರಿನಲ್ಲಿದ್ದಾಳೆ. ಫೋನಿನಲ್ಲಿ ವಿಷಯ ಕೇಳಿ, ಅಪ್ಪನಿಗೆ ಮರೆವು ಬರುತ್ತಿದೆ ಎಂದು ತನಗೂ ಅನ್ನಿಸಿತ್ತು, ಮೊನ್ನೆ ತನ್ನನ್ನು ಸೋದರತ್ತೆಯ ಹೆಸರಿನಿಂದ ಕರೆದರು ಎಂದಳು. ಅವಳು ಹುಟ್ಟಿದಾಗಿನಿಂದ ಇವರು ಅವಳನ್ನು ತಮ್ಮ ತಂಗಿಯ ಹೆಸರಿನಿಂದಲೇ ಕರೆದದ್ದು. ನನಗೆ ತಡೆಯಲಾಗಲಿಲ್ಲ. ನೀನು ಶಾಲೆಗೆ ಸೇರಿದ ವಾರವೇ ನಿನ್ನ ಟೀಚರು ನಮ್ಮನ್ನು ಯಾಕೆ ಕರೆಸಿದ್ದರು ನೆನಪಿದೆಯೇ ಎಂದು ಕೇಳಿದೆ. ಅಂಗಡಿಯ ಮೂಟೆಯ ಮೇಲೆ ಕೂತು ಅಪ್ಪನ ಜೊತೆ ಎಣಿಸಿ ಕಲಿತವಳು, ಶಾಲೆಯಲ್ಲಿ ಬಳಪ ಎಣಿಸುವಾಗ ಲಾಭ ಎಂದಿದ್ದಳು. ಮಗುವಿಗೆ ಎಣಿಕೆ ಬರುವುದಿಲ್ಲ ಎಂದು ಟೀಚರು ಹೇಳಿದ್ದರು. ಮರೆವು ಯಾರಿಗೆ ಬಂದಿದೆ ಈಗ ಹೇಳು ಎಂದೆ. ಅವಳು ಆ ಕಡೆ ಬಿಕ್ಕಿದಳು. ಆ ಭಾನುವಾರ ಬಂದು ಕಾರನ್ನು ಮನೆಗೆ ತಂದು ನಿಲ್ಲಿಸಿ, ಕ್ಲಿನಿಕ್ಕಿಗೆ ಎರಡು ಪುಟದ ಪತ್ರ ಬರೆದಳು. ‘ತಮ್ಮ ಪತ್ರವನ್ನು ಫೈಲಿಗೆ ಸೇರಿಸಲಾಗಿದೆ’ ಎಂದು ಒಂದು ಸಾಲಿನ ಉತ್ತರ ಬಂತು.

ತಜ್ಞರ ಸರದಿ ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ. ಆ ನಾಲ್ಕು ತಿಂಗಳು ನನ್ನನ್ನು ಆಸ್ಪತ್ರೆಯ ವ್ಯಾನು ಒಯ್ದಿತು. ಬೆಳಗ್ಗೆ ಆರಕ್ಕೆ ತಯಾರಿರಿ ಎಂದರೆ ಏಳೂವರೆಗೆ ಬರುತ್ತಿತ್ತು. ಯಂತ್ರ ಮುಗಿದ ಮೇಲೆ ಗಾಳಿ ಬೀಸುವ ಮೊಗಸಾಲೆಯಲ್ಲಿ ಉಳಿದ ನಾಲ್ವರು ಮುಗಿಸುವ ತನಕ ಕಾಯಬೇಕು. ಅವರನ್ನೆಲ್ಲ ಊರು ಸುತ್ತಿ ಇಳಿಸಿದ ಮೇಲೆ ಕೊನೆಗೆ ನನ್ನ ಮನೆ. ಡ್ರೈವರ್ ಮಾತಿನಮಲ್ಲ, ಮೂರು ಸಲ ಅವನ ವ್ಯಾನಿನಲ್ಲೇ ವಾಂತಿ ಮಾಡಿಕೊಂಡೆ. ಒಮ್ಮೆ ತೋಳಿನ ಪಟ್ಟಿ ಸಡಿಲಾಗಿ ರಕ್ತ ಸೀರೆಗೆಲ್ಲ ಇಳಿದಿತ್ತು. ಇವರು ಗೇಟಿನ ಬಳಿ ಕಂಬಳಿ ಹಿಡಿದು ನಿಂತಿದ್ದರು. ಎರಡು ಗಂಟೆ ಹಾಗೇ ನಿಂತಿದ್ದರೆಂದು ಪಕ್ಕದ ಮನೆಯವಳು ಆಮೇಲೆ ಹೇಳಿದಳು. ರಕ್ತ ನೋಡಿ ಕಂಬಳಿಯನ್ನು ನನ್ನ ತೋಳಿಗೆ ಸುತ್ತಿದರು.

“ನನ್ನ ಹಾಳು ಬಾಯಿಂದ ಆಗಿದ್ದು ಇದು,” ಎಂದರು.

ಮರುದಿನದಿಂದ ಅವರನ್ನು ಅಭ್ಯಾಸಕ್ಕೆ ಕೂರಿಸಿದೆ. ಅಂಗಿಯ ಗುಂಡಿಗಳ ಡಬ್ಬ, ಸ್ಟೀಲಿನ ಲೋಟ. ಅವರು ಗುಂಡಿ ಹಾಕಿ ಲಾಭ ಎಂದರೆ ನಾನು ಮೇಜಿಗೆ ಬಡಿಯುತ್ತಿದ್ದೆ. ಎಪ್ಪತ್ತೈದು ವರ್ಷದ ಗಂಡನಿಗೆ ಒಂದು ಎರಡು ಕಲಿಸುವ ಗತಿ ಬಂತಲ್ಲ ಎಂದು ಆ ಡಾಕ್ಟರಮ್ಮನಿಗೂ, ಆ ಫೋನಿನ ಹುಡುಗಿಗೂ, ನಿಯಮ ಬರೆದವರಿಗೂ ಬಾಯಿಗೆ ಬಂದ ಹಾಗೆ ಬೈಯುತ್ತಲೇ ಕಲಿಸಿದೆ. ಮೊದಮೊದಲು ಅವರು ನಗುತ್ತಿದ್ದರು. ಆಮೇಲಾಮೇಲೆ ಗುಂಡಿ ಎತ್ತುವ ಮುಂಚೆ ಒಂದು ಗಳಿಗೆ ತಡೆದು, “ಒಂದು” ಎನ್ನತೊಡಗಿದರು. ಮೂರು ವಾರದಲ್ಲಿ ತಡೆಯುವುದೂ ನಿಂತಿತು. ಗೆದ್ದೆ ಎಂದುಕೊಂಡೆ.

ತಜ್ಞರ ಕೋಣೆಯಲ್ಲೂ ಅದೇ ಮಣಿ, ಅದೇ ಲೋಟ, ಅಂಥದೇ ಫೋನು. ಇವರು ಒಂದರಿಂದ ಇಪ್ಪತ್ತರ ತನಕ ಗಡಿಯಾರದಂತೆ ಎಣಿಸಿದರು. ತಜ್ಞ ಕೈಕುಲುಕಿದ. ವಾರದೊಳಗೆ ಲೈಸೆನ್ಸ್ ಬಂತು, ಒಂದು ವರ್ಷದ ಮಟ್ಟಿಗೆ. ಜೊತೆಗಿದ್ದ ಕಾಗದದಲ್ಲಿ ‘ರೋಗಿಯಲ್ಲಿ ಗಮನಾರ್ಹ ಸುಧಾರಣೆ ಕಂಡುಬಂದಿದೆ, ಮುಂದಿನ ವರ್ಷ ಮರುಪರೀಕ್ಷೆ’ ಎಂದಿತ್ತು. ಸುಧಾರಣೆಯಂತೆ. ಅದನ್ನು ಹರಿದು ಒಲೆಗೆ ಹಾಕೋಣವೆಂದರೆ ಈ ಮನೆಯಲ್ಲಿ ಇರುವುದು ಕರೆಂಟಿನ ಒಲೆ.

ಶುಕ್ರವಾರ ಕಾರು ಬಾಗಿಲಿಗೆ ಬಂದಿತ್ತು. ಒಳಗೆ ಬೆಚ್ಚಗಿತ್ತು, ಸೀಟು ಒರಗಿತ್ತು. ಮೂರನೆಯ ಸಿಗ್ನಲ್ ದಾಟಿತು. “ಹೂಂ?” ಎಂದರು. “ಹೂಂ,” ಎಂದೆ. ನಾಲ್ಕು ತಿಂಗಳ ಮೇಲೆ ಅಂದು ನನ್ನ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದು ಅವರು ಕೈತೊಳೆದು ಅಡುಗೆಮನೆಗೆ ಹೋದರು. ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಡಬ್ಬದಿಂದ ಪಾವು ತುಂಬಿದರು, ಅಂಗೈಯಿಂದ ತಲೆ ಸವರಿದರು, ಪಾತ್ರೆಗೆ ಸುರಿದರು.

“ಒಂದು,” ಎಂದರು.

ಇಲ್ಲಿ ಯಾವ ಡಾಕ್ಟರಮ್ಮ ಕೂತಿದ್ದಾಳೆ ರೀ, ಲಾಭ ಅನ್ನಿ ಎಂದೆ. ಅವರು ಪಾವಿನ ಅಂಚಿಗೆ ಅಂಟಿದ್ದ ಕಾಳನ್ನು ಪಾತ್ರೆಗೆ ತಟ್ಟಿದರು. ಅನ್ನಿ ಎಂದು ಇನ್ನೊಮ್ಮೆ ಗದರಿದೆ.

“ಬೇಡ ಬಿಡು,” ಎಂದರು. “ಬರೋ ವರ್ಷ ಮತ್ತೆ ಕರೀತಾರೆ. ಅಭ್ಯಾಸ ತಪ್ಪಿ ಬಾಯಿಗೆ ಅದೇ ಬಂದುಬಿಟ್ರೆ ನಿನ್ನನ್ನ ಯಾರು ಕರ್ಕೊಂಡು ಹೋಗ್ತಾರೆ?”

ಆ ಡಾಕ್ಟರಮ್ಮ ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಮೇಜಿಗೆ ಬಡಿದು ಬಡಿದು ಕಲಿಸಿದವಳು ನಾನೇ ಎಂಬುದು ಆಗ ನೆನಪಾಯಿತು. ಆ ಸಿಟ್ಟನ್ನು ಯಾರ ಮೇಲೆ ಹಾಕಲಿ? ಗೋಡೆ ಹಿಡಿದು ಎದ್ದೆ. ಅವರು ಹಿಡಿದುಕೊಳ್ಳಲು ಬಂದರೆ ಕೈ ಕೊಡವಿದೆ. ಪಾತ್ರೆಯ ಅಕ್ಕಿಯನ್ನು ಪೂರ್ತಿ ಡಬ್ಬಕ್ಕೆ ವಾಪಸು ಸುರಿದೆ. ಪಾವನ್ನು ಅವರ ಕೈಯಿಂದ ಕಿತ್ತುಕೊಂಡು ತುಂಬಿದೆ, ತಲೆ ಸವರಿದೆ, ಪಾತ್ರೆಗೆ ಹಾಕಿದೆ.

“ಲಾಭ,” ಎಂದೆ, ಪಕ್ಕದ ಮನೆಗೂ ಕೇಳುವ ಹಾಗೆ.

ಇನ್ನು ಮೇಲೆ ಈ ಮನೆಯಲ್ಲಿ ಅಕ್ಕಿ ಅಳೆಯುವವಳು ನಾನು ಎಂದು ಅವರಿಗೆ ಹೇಳಿದೆ. ಯಾರಾದರೂ ಕಿತ್ತುಕೊಳ್ಳೋಣವೆಂದರೆ ನನ್ನ ಹತ್ತಿರ ಯಾವ ಲೈಸೆನ್ಸೂ ಇಲ್ಲ.