ಹನ್ನೊಂದು ಮನೆಗಳ ಯಜಮಾನ

"ಹನ್ನೊಂದು ಮನಿ ಕಟ್ಟೀಯಲ್ಲಲೇ ಕಳ್ಳ ನನ್ಮಗನ! ಗುಡ್ಡ ಏನು ನಿಮ್ಮಪ್ಪಂದೇನಲೇ?"

ಅರಣ್ಯ ಇಲಾಖೆಯ ಗುರುಶಾಂತ ಸಾಹೇಬರು ಹೀಗೆ ಬೈಯುವಾಗ ನಾನು ಅವರ ಕಚೇರಿ ಬಾಗಿಲಾಚೆ ಚಪ್ಪಲಿ ಬಿಟ್ಟು, ರುಮಾಲು ಕಂಕುಳಲ್ಲಿ ಹಿಡಿದು ನಿಂತಿದ್ದೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಎದೆ ಉಬ್ಬಿತು. ಗುಡೇಕೋಟೆ ಸೀಮೆಯಲ್ಲಿ ಹನ್ನೊಂದು ಮನೆ ಯಾವ ಗೌಡನಿಗಿದೆ? ಕುರಿ ಕಾಯುವ ಈ ಸುಂಕಪ್ಪನಿಗೆ ಸರ್ಕಾರವೇ ಕೊಟ್ಟಿದೆ!

"ಸಾಹೇಬ್ರ, ನನಗ ಇರಾದು ಒಂದ ಗುಡಿಸ್ಲರಿ. ಅದೂ ಊರಾಗ ಐತಿ."

"ಸುಳ್ಳು ಬೊಗಳಬ್ಯಾಡ. ಕಂಪ್ಯೂಟರ್ ಹುಡುಕಿ ಕೊಟ್ಟೈತಿ."

ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆಕಾಶದಿಂದ ತೆಗೆದ ನಮ್ಮ ಗುಡ್ಡ. ಹನ್ನೊಂದು ಕಡೆ ಕೆಂಪು ಚೌಕ, ಒಂದೊಂದು ಚೌಕದೊಳಗೂ ಒಂದು ಕಪ್ಪು ಉಂಗುರ. ನೋಡಿದ ಕೂಡಲೇ ಗೊತ್ತಾಯಿತು. ಎಲ್ಲವೂ ನನ್ನ ಕುರಿದೊಡ್ಡಿಗಳೇ.

ದೊಡ್ಡಿ ಎಂದರೆ ಮತ್ತೇನಲ್ಲ, ತೋಳ ಬರದಿರಲೆಂದು ಮುಳ್ಳು ಕಡಿದು ದುಂಡಗೆ ಹಾಕುವ ಬೇಲಿ. ಕೆಲವು ವಾರಕ್ಕೆಲ್ಲ ಒಳಗೆ ಹಿಕ್ಕೆ ತುಂಬಿ ಕುರಿಗಳ ಗೊರಸು ಕೊಳೆಯುತ್ತದೆ, ಜಾಗ ಬದಲಿಸಬೇಕು. ಹಳೆಯ ಮುಳ್ಳು ತೆಗೆದು ಬಾ ಎಂದು ಹೆಂಡತಿ ಪಕ್ಕೀರಮ್ಮ ಪ್ರತಿ ಸಲ ಬಡಿದುಕೊಳ್ಳುತ್ತಿದ್ದಳು. ನಾನು ಮೈಗಳ್ಳ. ಅಲ್ಲೇ ಬಿಟ್ಟು ಬರುತ್ತಿದ್ದೆ.

ಮೈಗಳ್ಳತನ ಸಾಲದೆಂದು ಬಾಯಿಯೂ ಇದೆಯಲ್ಲ. ದೀಪಾವಳಿ ಹೊತ್ತಿಗೆ ಇದೇ ಕಚೇರಿಯಿಂದ ಲ್ಯಾಪ್‌ಟಾಪ್ ಹಿಡಿದು ಬಂದಿದ್ದ ಸುಮಲತಾ ಎಂಬ ಹುಡುಗಿ ಇಂಥದೇ ಒಂದು ಚಿತ್ರ ತೋರಿಸಿ, "ಕಾಕಾ, ಈ ಉಂಗ್ರ ಏನ್ರಿ?" ಎಂದಿದ್ದಳು. "ನಂದವ್ವಾ! ನಾನ ಕಟ್ಟಿದ್ದು!" ಎಂದು ಮೀಸೆ ತಿರುವಿ, ಕೇಳಿದ ಹಾಳೆಗೆ ಹೆಬ್ಬೆಟ್ಟೂ ಒತ್ತಿದ್ದೆ. ಆ ಒಂದು ಉಂಗುರವನ್ನು ಯಂತ್ರಕ್ಕೆ ತೋರಿಸಿ, ಇಂಥವು ಇನ್ನೆಲ್ಲಿವೆ ಹುಡುಕು ಎಂದಿದ್ದಾರೆ. ಅದು ಸಾವಿರಾರು ಚಿತ್ರ ಜಾಲಾಡಿ ಉಳಿದ ಹತ್ತನ್ನೂ ಹೆಕ್ಕಿ ತಂದಿದೆ. ಅದೇನು ಮಾಡೀತು, ಪಾಪ. ಅವನ್ನು ಮನೆ ಎಂದು ಬರೆದುಕೊಂಡವರು ಸಾಹೇಬರು.

"ಅವು ಬರೇ ಮುಳ್ಳರಿ. ಒಂದ್ಸಲ ಗುಡ್ಡಕ್ಕ ಬಂದು ನೋಡ್ರಿ."

"ಆ ಬಿಸಿಲಾಗ ನಾನ್ಯಾಕ ಬರ್ಲಲೇ? ಮ್ಯಾಗಿಂದ ಎಲ್ಲಾ ಕಾಣ್ತೈತಿ. ನಾಳಿಯಿಂದ ಗುಡ್ಡದಾಗ ಒಂದು ಕುರಿ ಕಂಡ್ರೂ ಹಿಡ್ದು ಹರಾಜು ಹಾಕ್ತೀನಿ. ನಡಿ ಆಚಿಗೆ, ನಾರ್ತೀಯ."

ತೊಂಬತ್ತು ಕುರಿ. ಗುಡ್ಡ ಬಿಟ್ಟರೆ ಅವನ್ನು ಮೇಯಿಸಲು ನನಗೆ ಗೇಣು ನೆಲವಿಲ್ಲ. ಹನ್ನೊಂದು ಮನೆಗಳ ಯಜಮಾನನಾದ ನಾನು ದಾರಿಯುದ್ದಕ್ಕೂ ಅತ್ತುಕೊಂಡು ಗುಡಿಸಲಿಗೆ ಬಂದೆ.

ಪಕ್ಕೀರಮ್ಮ ಪೂರ್ತಿ ಕೇಳಿದಳು. "ಹೆಬ್ಬೆಟ್ಟು ಒತ್ತುವಾಗ ಎಲ್ಲಿತ್ತು ನಿನ್ನ ಬುದ್ಧಿ, ಹುಚ್ಚಪ್ಯಾಲಿ?" ಎಂದು ಉಗಿದಳು. ಆಮೇಲೆ ಮೂಲೆಯ ಕೊಡಲಿ ತೆಗೆದು ನನ್ನ ಕೈಗಿಟ್ಟಳು. "ಏಳು. ಮುಳ್ಳು ಕಡಿಯಾಮು."

ಮಾರನೆಯ ಬೆಳಿಗ್ಗೆ ಸಾಹೇಬರು ಕುರ್ಚಿಯಲ್ಲಿ ಕೂತ ಮೇಲೆ ತೊಂಬತ್ತು ಕುರಿಗಳನ್ನೂ ಕಚೇರಿ ಅಂಗಳಕ್ಕೆ ನುಗ್ಗಿಸಿದೆವು. ಸುತ್ತಲೂ ಮುಳ್ಳು ಎಳೆದೆವು. ಜೀಪು ಒಳಗೆ, ಬಾಗಿಲು ಒಳಗೆ, ಸಾಹೇಬರೂ ಒಳಗೆ. ನನ್ನ ಜನ್ಮದಲ್ಲೇ ಇಷ್ಟು ಚಂದದ ದುಂಡು ದೊಡ್ಡಿ ಹಾಕಿರಲಿಲ್ಲ.

"ಏನಲೇ ಇದು, ಸೂಳೆಮಕ್ಳ!" ಸಾಹೇಬರು ಹೊಸಿಲ ಮೇಲೆ ನಿಂತು ಕಿರುಚಿದರು. ಪೊಲೀಸರಿಗೆ ಫೋನು ಹಚ್ಚಿದರು. ಒಂದು ಟಗರು ಅವರ ಬೂಟು ಮೂಸಿ ಹಿಕ್ಕೆ ಹಾಕಿತು.

"ಹನ್ನೆರಡ್ನೇ ಮನಿರಿ," ಎಂದಳು ಪಕ್ಕೀರಮ್ಮ. "ಮ್ಯಾಗಿಂದ ನೋಡ್ರಿ, ಕಾಣ್ತೈತಿ."

ನಾನು ರುಮಾಲು ತಲೆಗೆ ಸುತ್ತಿಕೊಂಡು, ಉಳಿದಿದ್ದ ಕೊನೆಯ ಮುಳ್ಳುಕೊಂಬೆಯನ್ನು ಗೇಟಿಗೆ ಅಡ್ಡ ಎಳೆದೆ.