ಬೇಲಿಯಾಚೆಯ ಸಾರ್ವ

ನಮ್ಮ ಶಾಲೆಯಲ್ಲಿ ನಮ್ಮ ಮನೆಮಾತು ಸಾಮಿ ಆಡಿದರೆ ಶಿಕ್ಷೆ. ನಾರ್ವೆ ಭಾಷೆಯ ಹತ್ತು ಮಾತು ಕಲಿಯುವ ಮೊದಲೇ ನಾನು ಈ ನಿಯಮ ಕಲಿತೆ. ಹಿಮಸಾರಂಗ ಮೇಯಿಸುತ್ತ ಅಲೆಯುವ ನಮ್ಮವರ ಮಕ್ಕಳೆಲ್ಲ ಚಳಿಗಾಲವಿಡೀ ಆ ಶಾಲೆಯ ಹಾಸ್ಟೆಲಿನಲ್ಲೇ ಇರಬೇಕಿತ್ತು. ನನಗಾಗ ಎಂಟು ವರ್ಷ. ನನ್ನ ಸೋದರತ್ತೆ ಸುನ್ನಾ ಅಲ್ಲೇ ಅಡುಗೆ ಕೆಲಸಕ್ಕಿದ್ದಳು. ಅವಳಿಗೂ ಅದೇ ನಿಯಮ. ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ನನ್ನ ತಟ್ಟೆಗೆ ಒಂದು ಸೌಟು ಗಂಜಿ ಹೆಚ್ಚು ಬೀಳುತ್ತಿತ್ತು, ಅಷ್ಟೆ.

ಡಿಸೆಂಬರಿನಲ್ಲಿ ಸೂರ್ಯ ಮೂಡುವುದನ್ನೇ ಬಿಟ್ಟಿದ್ದ. ಮಧ್ಯಾಹ್ನ ಮೂರಕ್ಕೆಲ್ಲ ಆಕಾಶದ ತುಂಬ ಚುಕ್ಕಿ. ಅಂಥ ಒಂದು ದಿನ ಫ್ಲಾಟೆನ್ ಮೇಷ್ಟ್ರು ಬರೀ ಚುಕ್ಕಿಗಳಿದ್ದ ಹಾಳೆ ಹಂಚಿ, ಗೆರೆ ಎಳೆದು ಹೆಸರು ಬರೆಯಲು ಹೇಳಿದರು. ಗೋಡೆಯ ನಕ್ಷತ್ರಪಟದಲ್ಲಿ ಗ್ರೀಕರ ಕಥೆಯ ರಾಣಿ, ಕತ್ತಿ ಹಿಡಿದ ವೀರ, ಗಾಡಿ ಹೊಡೆಯುವವ, ದೊಡ್ಡ ಕರಡಿ ಎಲ್ಲ ಇದ್ದರು. ನಾನು ರಾಣಿ, ವೀರ, ಗಾಡಿಯವ ಮೂವರನ್ನೂ ಸೇರಿಸಿ ಸಾರ್ವನನ್ನು ಬರೆದೆ. ಸಾರ್ವ ಎಂದರೆ ಆಕಾಶದ ದೊಡ್ಡ ಕೊಂಬಿನ ಕಡವೆ. ಕರಡಿಯ ಬಾಲವನ್ನು ಬೇಟೆಗಾರ ಫಾವ್ದ್ನನ ಬಿಲ್ಲು ಮಾಡಿದೆ. ಅಪ್ಪ ತೋರಿಸಿಕೊಟ್ಟದ್ದೇ ಅದು, ತುಂಟತನವೇನೂ ಇರಲಿಲ್ಲ.

ಮೇಷ್ಟ್ರು ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ನಿಮ್ಮವರು ಯಾರದೋ ಕಥೆಯನ್ನು ಅರೆಬರೆ ಕೇಳಿ ಕೆಡಿಸಿಟ್ಟುಕೊಂಡಿದ್ದಾರೆ, ಅಳಿಸು ಎಂದರು. ನಾನು ಅಳಿಸಲಿಲ್ಲ. ಮೂರು ಗಂಟೆಯ ಊಟದ ಹೊತ್ತಿಗೆ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ಮೀನಿನ ಸಾರಿನ ಪಾತ್ರೆ ಹಿಡಿದು ಬಂದ ಅತ್ತೆ ನನ್ನನ್ನು ಕಂಡು, ಏನಾಯಿತೆಂದು ಸಾಮಿಯಲ್ಲೇ ಕೇಳಿದಳು. ಎಲ್ಲರೂ ತಿರುಗಿ ನೋಡಿದರು. ನಾನೂ ಸಾಮಿಯಲ್ಲೇ ಹೇಳಿದೆ. ಅವಳು ಪಾತ್ರೆ ಕೆಳಗಿಟ್ಟಳು.

"ಏಳ್ರೋ ಮಕ್ಕಳಾ, ಕೋಟು ಹಾಕ್ಕೊಳ್ಳಿ. ಸಾರು ಎಲ್ಲೂ ಓಡಿಹೋಗಲ್ಲ. ಸಾರ್ವ ಓಡ್ತಾ ಇದಾನೆ, ನೋಡ್ಕೊಂಡು ಬರೋಣ."

ನಾವು ಮೂವತ್ತೆರಡು ಮಂದಿ ಅವಳ ಹಿಂದೆ ಹಿಮಕ್ಕಿಳಿದೆವು. ಅವಳು ಒಂದೊಂದೇ ಚುಕ್ಕಿಗೆ ಬೆರಳು ಮಾಡಿ ಬೇಟೆಯ ಕಥೆ ಹೇಳಿದಳು. ಫಾವ್ದ್ನ ಬಾಣ ಹೂಡಿದ್ದಾನೆ; ಆದರೆ ನಡುವೆ ಉತ್ತರದ ಮೊಳೆ, ಅಂದರೆ ಧ್ರುವನಕ್ಷತ್ರ, ಇದೆ; ಆಕಾಶ ನಿಂತಿರುವುದೇ ಅದರ ಆಧಾರದಲ್ಲಿ. ಗುರಿ ತಪ್ಪಿ ಬಾಣ ಮೊಳೆಗೆ ತಗುಲಿದರೆ ಆಕಾಶವೇ ಕುಸಿಯುತ್ತದೆ. ಅದಕ್ಕೇ ಅವನಿನ್ನೂ ಬಾಣ ಬಿಟ್ಟಿಲ್ಲ.

ಮೇಷ್ಟ್ರು ಟೋಪಿಯೂ ಇಲ್ಲದೆ ಹೊರಗೆ ಬಂದರು. "ಸುನ್ನಾ, ಮಕ್ಕಳ ತಲೆಗೆ ಮೂಢನಂಬಿಕೆ ತುಂಬಬೇಡ. ಒಳಗೆ ನಡಿ."

"ನಿಮ್ಮ ಪಟದಲ್ಲಿ ರಾಣಿಗೆ ಆಕಾಶದಲ್ಲಿ ಕುರ್ಚಿ ಹಾಕಿ ಕೂರಿಸಿದಾರಲ್ಲ ಮೇಷ್ಟ್ರೇ, ಅದು ಪಾಠ, ನಮ್ಮದು ಮೂಢನಂಬಿಕೆನಾ? ಹಿಮದ ಬಯಲಲ್ಲಿ ರಾತ್ರಿ ದಾರಿ ತಪ್ಪಿದಾಗ ನಮ್ಮನ್ನ ಮನೆ ಮುಟ್ಟಿಸಿದ್ದು ನಿಮ್ಮ ರಾಣಿ ಅಲ್ಲ."

"ನಾಳೆಯಿಂದ ನಿನಗಿಲ್ಲಿ ಕೆಲಸ ಇಲ್ಲ."

"ಇವತ್ತಿಂದಲೇ ಬೇಡ ಬಿಡಿ. ಆದ್ರೆ ಬೇಲಿ ಆಚೆ ನೆಲ ನಿಮ್ಮದಲ್ಲ."

ಮರುದಿನ ಬೇಲಿಯಾಚೆ ಅವಳ ಗುಡಾರ ಎದ್ದಿತ್ತು. ದಿನವೂ ಮೂರಕ್ಕೆ ಅವಳು ಬೇಲಿಗೆ ಬಂದು ಕಥೆ ಹೇಳುವಳು; ನಾವು ಓಡುವೆವು; ನಮ್ಮನ್ನು ಎಳೆದು ತರುವರು. ಕೊನೆಗೆ ಮೇಷ್ಟ್ರು ಪೊಲೀಸಿನವನನ್ನೇ ಕರೆಸಿದರು. ಅವನು ಅತ್ತೆಯ ಗುಡಾರದಲ್ಲಿ ಎರಡು ಲೋಟ ಕಾಫಿ ಕುಡಿದು, ಇದರಲ್ಲಿ ತಪ್ಪೇನೂ ಕಾಣಲಿಲ್ಲವೆಂದು ಹೇಳಿ ಹೋದ.

ಫೆಬ್ರವರಿಯಲ್ಲಿ ಬೆಳಕು ಮರಳಿತು. ಅತ್ತೆ ಅಪ್ಪನ ಮಂದೆ ಸೇರಲು ಗುಡಾರ ಬಿಚ್ಚಿದಳು. ಹೊರಡುವ ಮುನ್ನ ಬೇಲಿಗೆ ಬಂದು ನನಗೆ, "ಬಿರಿತ್, ಈಗ ನೀನ್ ಹೇಳು," ಎಂದಳು.

ಮೆಟ್ಟಿಲ ಮೇಲೆ ಮೇಷ್ಟ್ರು ನಿಂತಿದ್ದರು. ಮೇಲೆ ಒಂದು ಚುಕ್ಕಿಯೂ ಇರಲಿಲ್ಲ. ಆದರೂ ಬರಿಯ ಆಕಾಶಕ್ಕೆ ಬೆರಳು ಮಾಡಿ, ಕೊಂಬಿನಿಂದ ಹಿಡಿದು ಬಾಣದವರೆಗೂ, ಸಾಮಿಯಲ್ಲೇ, ಗಟ್ಟಿಯಾಗಿ ಹೇಳಿದೆ. ನಿಲ್ಲಿಸು ಎಂದು ಮೇಷ್ಟ್ರು ಎರಡು ಸಲ ಹೇಳಿದರು. ಕಥೆ ಮುಗಿದ ಮೇಲೆ ನಿಲ್ಲಿಸಿದೆ.

ಅವರು ಅಪ್ಪನಿಗೆ ಕಾಗದ ಬರೆದರು: ನಿಮ್ಮ ಮಗಳು ಹಟಮಾರಿ, ಹೇಳಿದ ಮಾತು ಕೇಳುವುದಿಲ್ಲ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅತ್ತೆ ಓದಿ ಹೇಳಿದಳಂತೆ. ಅಪ್ಪ ಅದನ್ನು ಇನ್ನೊಮ್ಮೆ ಓದಿಸಿಕೊಂಡನಂತೆ.