ನಡುಗದ ಕೈ

"ನಂಗೆ ಭಯ ಇದೆ. ಇದ್ರೂ ನಾನು ಸರಿಯಾಗೇ ಇದ್ದೀನಿ," ಎಂದು ಡ್ರೈವರ್, ಹೇಳಿಕೊಟ್ಟಂತೆ, ಏಳನೆಯ ಸಲ ಹೇಳಿದ. ಹೇಳುತ್ತಲೇ ಬಲಗೈಯ ಎರಡು ಬೆರಳುಗಳಿಂದ ಎಡ ಅಂಗೈಯ ಅಂಚನ್ನು ತಟ್ಟಿಕೊಳ್ಳುತ್ತಿದ್ದ. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಸಿಸ್ಟರ್ ತಮ್ಮ ಅಂಗೈಯನ್ನೂ ಅದೇ ಲಯಕ್ಕೆ ತಟ್ಟುತ್ತ, ಉಸಿರು ಬಿಗಿಹಿಡಿಯಬೇಡಿ, ಬಿಡಿ ಎಂದರು. ಕೆಳಗಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು.

ಸಿಸ್ಟರ್ ಎಂಬುದು ಆಸ್ಪತ್ರೆಯಿಂದ ಅಂಟಿಕೊಂಡು ಬಂದ ಹೆಸರು. ಇಪ್ಪತ್ತಾರು ವರ್ಷ ನರ್ಸ್ ಆಗಿದ್ದು ನಿವೃತ್ತರಾದ ಮೇಲೆ ಅವರು ಹೀಗೆ ತಟ್ಟಿ ಭಯ ಬಿಡಿಸುವ ವಿದ್ಯೆ ಕಲಿತರು. ಮಾತ್ರೆಯಿಲ್ಲ, ಸೂಜಿಯಿಲ್ಲ, ಬೆರಳು, ಉಸಿರು ಮತ್ತು ಮಾತು, ಅಷ್ಟೆ. ನಾಯಿಗೆ ಹೆದರುವವರು, ಲಿಫ್ಟಿಗೆ ಹೆದರುವವರು, ಪರೀಕ್ಷೆಯ ಹಿಂದಿನ ದಿನ ವಾಂತಿ ಮಾಡಿಕೊಳ್ಳುವವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಹಳೆಯ ಸಹೋದ್ಯೋಗಿಗಳು 'ತಟ್ಟೋ ಡಾಕ್ಟ್ರು' ಎಂದು ಬೆನ್ನ ಹಿಂದೆ ಗೇಲಿ ಮಾಡುತ್ತಿದ್ದುದು ಅವರಿಗೆ ಗೊತ್ತಿತ್ತು. ಬಂದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಗುಣವಾಗುತ್ತಿತ್ತು. ಹೇಗೆ ಎಂದು ಕೇಳಿದರೆ ನನಗೂ ಸರಿಯಾಗಿ ಗೊತ್ತಿಲ್ಲ ಎಂದೇ ಹೇಳುತ್ತಿದ್ದರು.

ಡ್ರೈವರನ್ನು ಕರೆತಂದವಳು ಅವನ ಹೆಂಡತಿ. ಅಪಘಾತವಾಗಿ ಆಗಲೇ ಐದು ತಿಂಗಳಾಗಿತ್ತು. ಅವನು ಓಡಿಸುತ್ತಿದ್ದ ಸಿಟಿ ಬಸ್ಸಿಗೆ ಮಾರ್ಕೆಟ್ ಹತ್ತಿರ ಒಬ್ಬ ದರ್ಜಿ ಸಿಕ್ಕು ಸತ್ತಿದ್ದ. ಅವನೇ ಅಡ್ಡ ಓಡಿಬಂದ, ಕಿವಿ ಬೇರೆ ಮಂದವಿತ್ತಂತೆ, ಡ್ರೈವರನ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿತ್ತು. ಆದರೂ ಸ್ಟೇರಿಂಗ್ ಮುಟ್ಟಿದರೆ ಇವನ ಕೈ ಗಡಗಡ ನಡುಗುತ್ತಿತ್ತು, ಅಂಗಿ ಬೆವರಿಗೆ ತೊಯ್ದು ಮೈಗಂಟುತ್ತಿತ್ತು. ಡಿಪೋದವರು ಕನಿಕರಪಟ್ಟು ಟೈರ್ ಗೋಡೌನಿನಲ್ಲಿ ನಂಬರ್ ಬರೆಯುವ ಕೆಲಸಕ್ಕೆ ಹಾಕಿದ್ದರು. ಹೆಂಡತಿ ಅದನ್ನೆಲ್ಲ ಹೇಳುವಾಗ ಅವನು ತನ್ನ ಚಪ್ಪಲಿಯನ್ನೇ ನೋಡುತ್ತ ಕೂತಿದ್ದ. ಇಲ್ಲಿ ಆಡಿದ ಮಾತು ಈ ಬಾಗಿಲು ದಾಟುವುದಿಲ್ಲ ಎಂದು ಸಿಸ್ಟರ್ ಮೊದಲ ದಿನವೇ ಮಾತು ಕೊಟ್ಟರು. ಆಗಿಹೋದದ್ದನ್ನು ಅಲ್ಲೇ ಬಿಡಿ, ಹೊತ್ತುಕೊಂಡು ತಿರುಗಬೇಡಿ ಎಂದು ಪ್ರತಿವಾರವೂ ಹೇಳಿದರು.

ಮೂರನೆಯ ವಾರ ಅವನು ಡಿಪೋದಲ್ಲಿ ನಿಂತ ಬಸ್ಸಿನ ಸೀಟಿನಲ್ಲಿ ಹತ್ತು ನಿಮಿಷ ಕೂತ. ಸಿಸ್ಟರ್ ಹಿಂದಿನ ಸೀಟಿನಲ್ಲಿದ್ದು ಉಸಿರು ಎಣಿಸಿದರು. ಐದನೆಯ ವಾರ ಬಸ್ಸು ಡಿಪೋ ಅಂಗಳದಲ್ಲಿ ಎರಡು ಸುತ್ತು ಬಂತು. ಮೆಕ್ಯಾನಿಕ್‌ಗಳು ಕೆಲಸ ಬಿಟ್ಟು ನಿಂತು ನೋಡಿದರು. ಅದಾದ ಮೇಲೆ ಡಿಪೋ ಮ್ಯಾನೇಜರೇ ಫೋನ್ ಮಾಡಿ, ನಿಮ್ಮ ಕೈಗುಣ ದೊಡ್ಡದು ಸಿಸ್ಟರ್, ಇಂಥವರು ನಮ್ಮಲ್ಲಿ ಇನ್ನೂ ಇಬ್ಬರಿದ್ದಾರೆ, ಕಳಿಸುತ್ತೇನೆ ಎಂದ. 'ತಟ್ಟೋ ಡಾಕ್ಟ್ರು' ಎಂದವರ ಮುಖಗಳು ಸಿಸ್ಟರ್ ಕಣ್ಣ ಮುಂದೆ ಒಂದೊಂದಾಗಿ ಬಂದುಹೋದವು. ಅವತ್ತು ಅವರು ಕಾಯುವವರಿಗೆಂದು ಒಂದು ಬೆಂಚು ಕೊಂಡು ತಂದರು.

ಇವತ್ತು ಕೊನೆಯ ದಿನ. ಕೊನೆಯ ದಿನ ಸಿಸ್ಟರ್ ಎಲ್ಲರಿಗೂ ಒಂದು ಕೆಲಸ ಕೊಡುತ್ತಿದ್ದರು: ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಬೇಕು. ದನಿ ಎಲ್ಲಿ ಎಡವುತ್ತದೋ ಅಲ್ಲಿ ಇನ್ನೂ ಭಯ ಉಳಿದಿದೆ ಎಂದು ಲೆಕ್ಕ.

ಡ್ರೈವರ್ ತಟ್ಟುವುದನ್ನು ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ ಹೇಳತೊಡಗಿದ. ಬೆಳಿಗ್ಗೆ ಹನ್ನೊಂದರ ಸುಮಾರು. ಬಸ್ಸಿನಲ್ಲಿ ಜನ ಕಮ್ಮಿ. ಮಾರ್ಕೆಟ್ ತಿರುವು ದಾಟಿದಾಗ ಫೋನಿಗೆ ಭಾವಮೈದುನ ಏನೋ ಕಳಿಸಿದ. ಒಂದು ವಿಡಿಯೋ, ಕೋತಿಯೊಂದು ಯಾರದೋ ಟೋಪಿ ಕಿತ್ತುಕೊಂಡು ತಾನೇ ಹಾಕಿಕೊಳ್ಳುವುದು.

"ನಗು ಬಂತು. ಇನ್ನೊಂದ್ಸಲ ನೋಡಿದೆ. ತಲೆ ಎತ್ತೋ ಹೊತ್ತಿಗೆ ಅವನು ಎದುರಿಗೇ ಇದ್ದ. ಬಿಳಿ ಪಟ್ಟೆ ಮೇಲೇ ಇದ್ದ ಸಿಸ್ಟರ್, ನಿಧಾನಕ್ಕೆ ನಡ್ಕೊಂಡು ಹೋಗ್ತಿದ್ದ. ಕುತ್ತಿಗೇಲಿ ಅಳತೆ ಟೇಪು ನೇತಾಡ್ತಿತ್ತು."

ದನಿ ಎಲ್ಲೂ ಎಡವಲಿಲ್ಲ.

ವಿಚಾರಣೆಯಲ್ಲಿ ಓಡಿಬಂದ ಅಂತ ಬರೆಸಿದ್ದಿರಲ್ಲ ಎಂದು ಸಿಸ್ಟರ್ ಕೇಳಿದರು. ಹೌದು, ಹಾಗೇ ಬರೆಸಿದೆ ಎಂದ. ಕಂಡಕ್ಟರ್ ಹಿಂದೆ ಟಿಕೆಟ್ ಕೊಡುತ್ತಿದ್ದ, ರಸ್ತೆಯಲ್ಲಿದ್ದವರು ಸದ್ದಾದ ಮೇಲೇ ತಿರುಗಿ ನೋಡಿದ್ದು. ಈಗಲೂ ಹೋಗಿ ನಿಜ ಹೇಳಬಹುದು ಎಂದರು ಸಿಸ್ಟರ್. ಅವನಿಗೆ ಸಿಟ್ಟು ಬರಲಿಲ್ಲ. ಚಿಕ್ಕ ಮಕ್ಕಳಿಗೆ ಬಿಡಿಸಿ ಹೇಳುವವನಂತೆ ಮುಂದಕ್ಕೆ ಬಾಗಿದ.

"ನೀವೇ ಅಲ್ವಾ ಹೇಳಿದ್ದು, ಆಗಿದ್ದನ್ನ ಅಲ್ಲೇ ಬಿಡಿ ಅಂತ? ಬಿಟ್ಟೆ. ಐದು ತಿಂಗಳು ಅದನ್ನೇ ಹೊತ್ಕೊಂಡು ಸತ್ತಿದ್ದೆ. ಈಗ ನೋಡಿ."

ಎರಡೂ ಕೈಗಳನ್ನು ಅವರ ಮುಂದೆ ಚಾಚಿದ. ಬೆರಳುಗಳು ಕಡೆದಿಟ್ಟಂತೆ ನಿಶ್ಚಲವಾಗಿದ್ದವು. ಹೋಗುವಾಗ ಮೇಜಿನ ಮೇಲೆ ಒಂದು ಚೀಲ ಸೇಬು ಇಟ್ಟು, ನಾಳೆಯಿಂದ ಡ್ಯೂಟಿ, ನಿಮ್ಮ ಉಪಕಾರ ಮರೆಯಲ್ಲ ಎಂದ.

ಎರಡು ದಿನ ಸಿಸ್ಟರ್ ಆ ಸೇಬಿನ ಚೀಲ ಮುಟ್ಟಲಿಲ್ಲ. ಮೂರನೆಯ ದಿನ ಪರದೆಯ ಬಟ್ಟೆಯ ನೆಪ ಮಾಡಿಕೊಂಡು ದರ್ಜಿಯ ಮನೆ ಹುಡುಕಿ ಹೋದರು. ಹೇಳಿಬಿಡಬೇಕು ಎಂದುಕೊಂಡೇ ಹೋದರು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದೇ ಕೋಣೆ, ಕಿಟಕಿಗೆ ತಾಗಿ ಹೊಲಿಗೆ ಮಷೀನು. ದರ್ಜಿಯ ಹೆಂಡತಿ ಬಾಯಲ್ಲಿದ್ದ ಪಿನ್ನು ತೆಗೆದು, ಬನ್ನಿ ಅಕ್ಕ, ಕೂತ್ಕೊಳ್ಳಿ ಎಂದಳು. ಬಟ್ಟೆ ಬಿಡಿಸಿ, ಅಡ್ಡಕ್ಕೆ ಉದ್ದಕ್ಕೆ ಎಳೆದು ನೋಡಿ, ಇದು ಒಗೆದರೆ ಕುಗ್ಗುತ್ತೆ, ಅಂಚು ಜಾಸ್ತಿ ಬಿಡ್ತೀನಿ ಎಂದಳು. ಸಿಸ್ಟರ್ ಯಾರೆಂದು ಅವಳಿಗೆ ಗೊತ್ತಿತ್ತು. ಭಯ ಬಿಡಿಸುವವರು ಎಂದು ಓಣಿಯಲ್ಲಿ ಮಾತಿತ್ತು. ಆ ಡ್ರೈವರ್ ಅವರ ಹತ್ತಿರ ಬರುತ್ತಿದ್ದುದು ಮಾತ್ರ ತಿಳಿದಿರಲಿಲ್ಲ.

ಗಂಡನ ಮಾತು ತೆಗೆದವರು ಸಿಸ್ಟರೇ. ಅವಳು ಅಳಲಿಲ್ಲ. ಕಿವಿ ಮಂದ ಅಂತ ಯಾರು ಹುಟ್ಟಿಸಿದರೋ ಗೊತ್ತಿಲ್ಲ, ಮಷೀನಿನ ಸದ್ದು ಸ್ವಲ್ಪ ಬದಲಾದರೂ ಎಣ್ಣೆ ಬೇಕು ಎನ್ನುತ್ತಿದ್ದ ಮನುಷ್ಯ ಎಂದಳು. ರಸ್ತೆ ದಾಟುವಾಗ ತನ್ನ ಕೈಯನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದ ಎಂದಳು. ಆಮೇಲೆ ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ಅವತ್ತು ಗಿರಾಕಿ ಕಾಯ್ತಾ ಕೂತಿದ್ರು ಅಕ್ಕ. ಗುಂಡಿ ತರೋಕೆ ಹೊರಟೋರಿಗೆ, ಬೇಗ ಬನ್ನಿ, ನಿಮ್ದು ಯಾವಾಗ್ಲೂ ಇದೇ ಆಯ್ತು ಅಂತ ರೇಗಿದೆ. ಇಲ್ಲದಿದ್ರೆ ಓಡೋ ಮನುಷ್ಯನೇ ಅಲ್ಲ ಅವರು. ನನ್ನ ಮಾತಿಗೇ ಓಡಿದ್ದು." ತಲೆಯೆತ್ತಿ ಕೇಳಿದಳು, "ನೀವು ಭಯ ಬಿಡಿಸ್ತೀರಲ್ಲ, ಇಂಥದ್ದನ್ನೂ ಬಿಡಿಸೋಕಾಗುತ್ತಾ?"

ಹೇಳಬೇಕಾದ ಮಾತು ಸಿಸ್ಟರ್ ನಾಲಿಗೆಯ ತುದಿಯಲ್ಲಿತ್ತು. 'ಅವರು ಓಡಲಿಲ್ಲ.' ಎರಡೇ ಪದ. ಆದರೆ ಓಡಲಿಲ್ಲ ಎಂದರೆ ಹೇಗೆ ಗೊತ್ತು ಎಂದು ಕೇಳುತ್ತಾಳೆ. ಕೊಟ್ಟ ಮಾತು ಮುರಿದದ್ದು ನಾಳೆ ಡಿಪೋಗೆ ಗೊತ್ತಾಗುತ್ತದೆ, ಆಮೇಲೆ ಯಾವ ಭರವಸೆಯ ಮೇಲೆ ಯಾರು ಆ ಮೆಟ್ಟಿಲು ಹತ್ತುತ್ತಾರೆ? ಹೊಸ ಬೆಂಚಿನ ಮೇಲೆ ಆ ಇಬ್ಬರು ಡ್ರೈವರುಗಳು ಆಗಲೇ ಬಂದು ಕೂರಲು ಶುರುಮಾಡಿದ್ದರು. ಭಯ ಹತ್ತಿದಾಗ ಏನು ಮಾಡಬೇಕೆಂದು ನೂರಾರು ಜನಕ್ಕೆ ಕಲಿಸಿದ್ದ ಅವರಿಗೆ ಒಂದೂ ನೆನಪಾಗಲಿಲ್ಲ.

"ಗುರುವಾರ ಬನ್ನಿ," ಎಂದರು. "ನೋಡೋಣ."

ಈ ಬಣ್ಣದ ದಾರ ತನ್ನಲ್ಲಿಲ್ಲ, ರಸ್ತೆಯಾಚೆಯ ಅಂಗಡಿಯಲ್ಲಿ ನೋಡೋಣ ಎಂದು ದರ್ಜಿಯ ಹೆಂಡತಿ ಅವರ ಜೊತೆಗೇ ಹೊರಟಳು. ದೊಡ್ಡ ರಸ್ತೆಯ ಬಿಳಿ ಪಟ್ಟೆಯ ಹತ್ತಿರ ಬಸ್ಸೊಂದು ನಿಂತು ದಾರಿ ಬಿಟ್ಟಿತು. ಯಾರೋ ಹರೆಯದ ಡ್ರೈವರ್, ಹೋಗಿ ಎಂದು ಸನ್ನೆ ಮಾಡಿದ. ಅವಳು ತನ್ನಿಂದ ಬಸ್ಸಿಗೆ ತಡವಾಯಿತೇನೋ ಎಂಬಂತೆ ಅದರತ್ತ ತಲೆ ಬಾಗಿಸಿ, ಸೆರಗು ಹಿಡಿದುಕೊಂಡು ಬೇಗಬೇಗ ದಾಟಿದಳು. ಸಿಸ್ಟರ್ ಹಿಂದೆಯೇ ಹೋದರು.

ಅಂಗಡಿಯವನು ಒಂದೊಂದೇ ದಾರದ ಉಂಡೆ ತೆಗೆದು ಬಟ್ಟೆಯ ಪಕ್ಕಕ್ಕೆ ಹಿಡಿದ. ಒಂದು ತೀರ ತಿಳಿ, ಒಂದು ತೀರ ಗಾಢ. ಕೊನೆಗೆ ಅವಳು ಒಂದನ್ನು ಆರಿಸಿ, ಬಾಗಿಲ ಬೆಳಕಿಗೆ ತಂದು ಬಟ್ಟೆಯ ಮೇಲಿಟ್ಟು, ಇದು ಹೊಂದುತ್ತಾ ಅಕ್ಕ ಎಂದು ಕೇಳಿದಳು.

ಹೊಂದುತ್ತಿರಲಿಲ್ಲ. ಹೊಂದುತ್ತೆ ಎಂದರು ಸಿಸ್ಟರ್.